ರೊಕ್ಕ ಮುಟ್ಟಿ ನೋಡಿ

ನಿಪ್ಪಾಣಿಯ ತಂಬಾಕು ವ್ಯಾಪಾರವಿರಲಿ, ಅಥಣಿಯ ಚಪ್ಪಲಿ ಅಂಗಡಿಯಿರಲಿ, ರಾಯಬಾಗ, ಚಿಕ್ಕೋಡಿಯ ಸಂತೆಯಿರಲಿ, ಐನೂರರ ನೋಟು ಕೈಗೆ ಬಂದರೆ ಅದನ್ನು ಬೆಳಕಿಗೆ ಹಿಡಿಯುವುದು ರೂಢಿ. ಗಾಂಧೀಜಿಯ ನೆರಳು ಕಂಡರೆ ಸಾಕು, ರೊಕ್ಕ ಗಲ್ಲಾ ಸೇರುತ್ತದೆ. ಈ ರೂಢಿ ಖೊಟ್ಟಿ ನೋಟು ಮಾಡುವವರಿಗೂ ಗೊತ್ತು. ನನ್ನನ್ನು ಕೇಳಿದರೆ, ಕಣ್ಣಿಗಿಂತ ಮೊದಲು ಬೆರಳಿಗೆ ಕೆಲಸ ಕೊಡಬೇಕು.

ಕಾರಣ ಮೈಸೂರಿನಲ್ಲಿದೆ. 1995ರಲ್ಲಿ ಹುಟ್ಟಿದ ಭಾರತೀಯ ರಿಸರ್ವ್ ಬ್ಯಾಂಕ್ ನೋಟ್ ಮುದ್ರಣ ಸಂಸ್ಥೆಗೆ ಎರಡು ಮುದ್ರಣಾಲಯಗಳು: ಒಂದು ಅಲ್ಲಿ, ಇನ್ನೊಂದು ಪಶ್ಚಿಮ ಬಂಗಾಳದ ಸಾಲ್ಬೋನಿಯಲ್ಲಿ. ನೋಟಿನ ಕಾಗದದ ಗಿರಣಿಯೂ ಮೈಸೂರಿನಲ್ಲಿದೆ. ವರ್ಷಕ್ಕೆ 1,500 ಟನ್ ಶಾಯಿ ತಯಾರಿಸಬಲ್ಲ ‘ವರ್ಣಿಕಾ’ ಘಟಕ 2022ರ ಮಾರ್ಚ್‌ನಲ್ಲಿ ಅಲ್ಲೇ ಶುರುವಾಯಿತು.

ನೋಟಿನ ಕಾಗದ ಹತ್ತಿಯದು, ಮರದ ತಿರುಳಿನದಲ್ಲ. ಮುರಿಗೆಯಾದರೂ ಬೇಗ ಹರಿಯದ ಅದರ ಗಟ್ಟಿತನ, ಚಿಟಿಕೆ ಹೊಡೆದರೆ ಬರುವ ಗರಿಗರಿ ಸದ್ದು ಅದರಿಂದಲೇ. ನೀರ್ಗುರುತು ಅಚ್ಚು ಹಾಕಿದ್ದಲ್ಲ. ಕಾಗದ ಇನ್ನೂ ಹಸಿಯಿದ್ದಾಗಲೇ ನಾರು ಎಲ್ಲಿ ದಪ್ಪ, ಎಲ್ಲಿ ತೆಳುವೆಂದು ಮೂಡಿಸಿದ ನೆರಳು ಬೆಳಕು. ಭದ್ರತಾ ಎಳೆಯನ್ನೂ ಆಗಲೇ ಕಾಗದದೊಳಗೆ ಹಾಯಿಸುತ್ತಾರೆ.

ಆಮೇಲೆ ಬರುವುದೇ ಅಸಲಿ ಕಸುಬು. ಲೋಹದ ಫಲಕದಲ್ಲಿ ಕೊರೆದ ಗೀರುಗಳಿಗೆ ದಪ್ಪ ಶಾಯಿ ತುಂಬಿ, ಮೇಲಿನದನ್ನು ಒರೆಸಿ, ಭಾರೀ ಒತ್ತಡದಲ್ಲಿ ಕಾಗದವನ್ನು ಅದುಮುತ್ತಾರೆ. ಗೀರಿನೊಳಗಿನ ಶಾಯಿ ಕಾಗದದ ಮೇಲೆ ಉಬ್ಬಿ ನಿಲ್ಲುತ್ತದೆ. ಜೆರಾಕ್ಸ್ ಯಂತ್ರಕ್ಕೆ ಬಣ್ಣ ಬರುತ್ತದೆ, ಈ ಉಬ್ಬು ಬರುವುದಿಲ್ಲ. ಐನೂರರ ನೋಟಿನ ಎರಡೂ ಅಂಚಿನಲ್ಲಿ ಐದು ಓರೆ ಗೆರೆಗಳು, ಬಲಕ್ಕೊಂದು ವೃತ್ತ. ನೂರರದಕ್ಕೆ ನಾಲ್ಕು ಗೆರೆ, ಒಂದು ತ್ರಿಕೋನ. ಕಣ್ಣು ಕಾಣದವರಿಗೆಂದು ಇಟ್ಟ ಗುರುತು ಇವು. ಸಂತೆಯ ಗಡಿಬಿಡಿಯಲ್ಲಿ ಕಣ್ಣಿದ್ದವರಿಗೂ ಅಷ್ಟೇ ಉಪಯೋಗ. ತೀರಾ ಸವೆದ ನೋಟಿನಲ್ಲಿ ಉಬ್ಬು ಅಳಿದಿರಬಹುದು. ಆಗ ನೋಟನ್ನು ಓರೆ ಮಾಡಿ: ನೂರು, ಇನ್ನೂರು, ಐನೂರರ ಎಳೆ ಹಸಿರಿನಿಂದ ನೀಲಿಗೆ ತಿರುಗಬೇಕು. ಇನ್ನೂರು, ಐನೂರರಲ್ಲಿ ಕೆಳಗಿನ ಬಲ ಮೂಲೆಯ ಅಂಕಿಯೂ ಹಾಗೆಯೇ.

ಅಂಗಡಿಯ ನೀಲಿ ದೀಪವನ್ನೇ ಪೂರ್ತಿ ನಂಬಬೇಡಿ. ಆ ದೀಪದಡಿ ಸಾದಾ ಕಾಗದ ಹೊಳೆಯುತ್ತದೆ, ನೋಟಿನದು ಹೊಳೆಯದು ಎಂಬುದು ನಿಜ. ಆದರೆ ಅಂಗಿಯ ಜೇಬಿನಲ್ಲೇ ಉಳಿದು ಸಾಬೂನು ಪುಡಿಯಲ್ಲಿ ಒಗೆಸಿಕೊಂಡ ಅಸಲಿ ನೋಟೂ ಹೊಳೆದೀತು!

ಕಾಗವಾಡ, ನಿಪ್ಪಾಣಿಯ ಗಡಿ ಮಂದಿಗೆ ಹಿಂಬದಿಯ ಭಾಷಾಪಟ್ಟಿಯೂ ತಮಾಷೆ. ಹದಿನೈದು ಭಾಷೆಗಳಲ್ಲಿ ಕನ್ನಡ ನಾಲ್ಕನೆಯದು, ಮರಾಠಿ ಎಂಟನೆಯದು. ಜಗಳವಿಲ್ಲದೆ ಒಂದೇ ಸಾಲಿನಲ್ಲಿವೆ. ಐವತ್ತರ ನೋಟಿನಲ್ಲಿ ನಮ್ಮ ಹಂಪಿಯ ಕಲ್ಲಿನ ರಥವೂ ಇದೆ, 2017ರಿಂದ.

ಖೊಟ್ಟಿ ನೋಟು ಸಿಕ್ಕಿತೋ, ಮತ್ತೊಬ್ಬರಿಗೆ ದಾಟಿಸಬೇಡಿ. ಗೊತ್ತಿದ್ದೂ ಚಲಾಯಿಸಿದರೆ ಅಪರಾಧ. ಬ್ಯಾಂಕು ಅದಕ್ಕೆ ಮುದ್ರೆ ಒತ್ತಿ ಇಟ್ಟುಕೊಳ್ಳುತ್ತದೆ, ಬದಲಿ ಹಣ ಕೊಡುವುದಿಲ್ಲ. ಒಂದೇ ವ್ಯವಹಾರದಲ್ಲಿ ಐದು ಅಥವಾ ಹೆಚ್ಚು ಬಂದರೆ ಪೊಲೀಸ್ ದೂರು ದಾಖಲಾಗುತ್ತದೆ. ನೋಟು ಒಪ್ಪಿಸಿದ್ದಕ್ಕೆ ಸ್ವೀಕೃತಿ ಪತ್ರ ಕೊಡುವುದು ಬ್ಯಾಂಕಿನ ಕರ್ತವ್ಯ, ಕೇಳಿ ಪಡೆಯಿರಿ.