ಇಟ್ಟಿಗೆ ಇಡಲು ಕಲಿತ ಊರು

ಎನ್‌ಐಟಿ ಎಂದರೆ ನಮಗೆ ಸುರತ್ಕಲ್. ಕಡಲ ಪಕ್ಕದ ಕ್ಯಾಂಪಸ್ಸು, ಪ್ರವೇಶ ಪರೀಕ್ಷೆ, ರ‍್ಯಾಂಕು. ದೆಹಲಿ ಪಕ್ಕದ ಫರೀದಾಬಾದಿನಲ್ಲಿ ಆಟೊ ಹತ್ತಿ ‘ಎನ್‌ಐಟಿ’ ಎಂದರೆ ಅಷ್ಟು ಸಾಲದು, ಒಂದನೆಯದೋ ಎರಡನೆಯದೋ ಐದನೆಯದೋ ಎಂದೂ ಹೇಳಬೇಕು. ಅಲ್ಲಿ ಎನ್‌ಐಟಿ ಕಾಲೇಜಲ್ಲ, ಊರು. ನ್ಯೂ ಇಂಡಸ್ಟ್ರಿಯಲ್ ಟೌನ್‌ಶಿಪ್. ದೇಶವಿಭಜನೆಯಲ್ಲಿ ಮನೆ ಕಳೆದುಕೊಂಡವರು ತಮ್ಮ ಕೈಯಾರೆ ಕಟ್ಟಿಕೊಂಡ ಊರು. ಅದನ್ನು ಕಟ್ಟಿಸಲು ಟೊಂಕ ಕಟ್ಟಿ ನಿಂತವರಲ್ಲಿ ಒಬ್ಬರು, ಸುರತ್ಕಲ್ಲಿನಿಂದ ಕೂಗಳತೆಯಷ್ಟೇ ದೂರದ ಮಂಗಳೂರಿನಲ್ಲಿ 1903ರಲ್ಲಿ ಹುಟ್ಟಿದ ಕಮಲಾದೇವಿ ಚಟ್ಟೋಪಾಧ್ಯಾಯ.

ಕಮಲಾದೇವಿ ಎಂದರೆ ನಮಗೆ ಥಟ್ಟನೆ ನೆನಪಾಗುವುದು ಉಪ್ಪಿನ ಸತ್ಯಾಗ್ರಹ, ಕೈಮಗ್ಗ, ಕರಕುಶಲ ಕಲೆ. ಅವರ ಬದುಕಿನ ಫರೀದಾಬಾದ್ ಅಧ್ಯಾಯ ಅವರ ತವರುನಾಡಿನವರಾದ ನಮಗೇ ಹೆಚ್ಚು ಗೊತ್ತಿಲ್ಲ. ಕೌಶಲ ತರಬೇತಿ, ಕೌಶಲ ಭಾರತ ಎಂಬ ಮಾತು ಪ್ರತಿ ಬಜೆಟ್ಟಿನಲ್ಲೂ ಕೇಳಿಬರುವ ಈ ದಿನಗಳಲ್ಲಿ ಆ ಅಧ್ಯಾಯವನ್ನು ಇನ್ನೊಮ್ಮೆ ತೆರೆಯಬೇಕು ಎನಿಸುತ್ತದೆ. ಕಸುಬು ಕಲಿಸುವುದು ಒಂದು ಕೆಲಸ. ಕಲಿತ ಕಸುಬು ಬದುಕಾಗಿ ನಿಲ್ಲುವಂತೆ ಮಾಡುವುದು ಬೇರೆಯೇ ಕೆಲಸ. ಈ ಎರಡೂ ಹೇಗೆ ಕೂಡಿಬಂದವು, ಆಮೇಲೆ ಹೇಗೆ ಬೇರೆಯಾದವು ಎಂಬುದನ್ನು ಫರೀದಾಬಾದಿನಷ್ಟು ಸ್ಪಷ್ಟವಾಗಿ ತೋರಿಸಿದ ಊರು ನನಗೆ ಬೇರೊಂದು ಕಂಡಿಲ್ಲ.

ವಾಯವ್ಯ ಗಡಿ ಪ್ರಾಂತ್ಯದ ಬನ್ನು, ಡೇರಾ ಇಸ್ಮಾಯಿಲ್ ಖಾನ್, ಕೊಹಾಟ್, ಪೆಶಾವರಗಳ ಹಿಂದೂ ಮತ್ತು ಸಿಖ್ ಕುಟುಂಬಗಳು 1947-48ರಲ್ಲಿ ಊರು ಬಿಟ್ಟು ಹೊರಟವು. ಬನ್ನುವಿನಿಂದ ಹೊರಟ ಒಂದು ರೈಲಿನ ಮೇಲೆ 1948ರ ಜನವರಿಯಲ್ಲಿ ಪಶ್ಚಿಮ ಪಂಜಾಬಿನ ಗುಜ್ರಾತ್ ನಿಲ್ದಾಣದಲ್ಲಿ ದಾಳಿ ನಡೆದು ದೊಡ್ಡ ಹತ್ಯಾಕಾಂಡವೇ ಆಯಿತು. ಉಳಿದು ಬಂದವರು ಕುರುಕ್ಷೇತ್ರದಂಥ ಶಿಬಿರಗಳ ಡೇರೆಗಳಲ್ಲಿ ಸರ್ಕಾರದ ಪಡಿತರ ತಿಂದುಕೊಂಡು ದಿನ ದೂಡಿದರು. ಅಲ್ಲಿ ಇಲ್ಲಿ ಚದುರಿಸಿ ನೆಲೆಗೊಳಿಸುವ ಯೋಜನೆಗೆ ಅವರು ಒಪ್ಪಲಿಲ್ಲ. ಅವರಲ್ಲಿ ಹಲವರು ಖಾನ್ ಅಬ್ದುಲ್ ಗಫಾರ್ ಖಾನರ ಖುದಾಯಿ ಖಿದ್ಮತ್‌ಗಾರ್ ಚಳವಳಿಯಲ್ಲಿ ಪಳಗಿದವರು. ಸತ್ಯಾಗ್ರಹ ಅವರಿಗೆ ಹೊಸದಲ್ಲ. ನಮ್ಮನ್ನು ಒಟ್ಟಿಗೇ ಇರಿಸಿ ಎಂದು ಹಟ ಹಿಡಿದರು. ಕೊನೆಗೆ ದೆಹಲಿಯ ದಕ್ಷಿಣಕ್ಕೆ, ಜಹಾಂಗೀರನ ಖಜಾಂಚಿ ಶೇಖ್ ಫರೀದ್ 1607ರಲ್ಲಿ ನೆಲೆಗೊಳಿಸಿದ ಹಳೆಯ ಪೇಟೆಯ ಪಕ್ಕದ ಬಯಲನ್ನು ಅವರಿಗಾಗಿ ಆರಿಸಲಾಯಿತು.

1949ರಲ್ಲಿ ಫರೀದಾಬಾದ್ ಅಭಿವೃದ್ಧಿ ಮಂಡಳಿ ರಚನೆಯಾಯಿತು. ಅಧ್ಯಕ್ಷರು ಬಾಬು ರಾಜೇಂದ್ರ ಪ್ರಸಾದ್. ಅವರು ರಾಷ್ಟ್ರಪತಿಯಾದ ಮೇಲೆ ಹೃದಯನಾಥ ಕುಂಜ್ರು. ಮುಖ್ಯ ಆಡಳಿತಗಾರ ಸುಧೀರ್ ಘೋಷ್, ಗಾಂಧಿಯವರ ದೂತರಾಗಿ ಬ್ರಿಟಿಷರೊಡನೆ ಮಾತುಕತೆ ನಡೆಸಿದ್ದವರು. ಕಮಲಾದೇವಿ ಮಂಡಳಿಯಲ್ಲಿದ್ದರು, ಅವರು 1948ರಲ್ಲಿ ಕಟ್ಟಿದ್ದ ಇಂಡಿಯನ್ ಕೋಆಪರೇಟಿವ್ ಯೂನಿಯನ್ ಆ ಬಯಲಿಗಿಳಿದು ಕೆಲಸ ಮಾಡಿತು. ಅದರ ಯುವ ಕಾರ್ಯಕರ್ತ ಎಲ್. ಸಿ. ಜೈನ್. ಪ್ರಧಾನಿ ನೆಹರೂ ಮಂಡಳಿಯ ಬಹುಪಾಲು ಸಭೆಗಳಿಗೆ ತಾವೇ ಬಂದು ಕೂರುತ್ತಿದ್ದರು. ಒಂದು ಇಡೀ ದೇಶ ಕಟ್ಟಬೇಕಿದ್ದ ಹೊತ್ತಿನಲ್ಲಿ ಒಂದು ಪುಟ್ಟ ಊರಿನ ಇಟ್ಟಿಗೆ ಲೆಕ್ಕ ಕೇಳಲು ಪ್ರಧಾನಿ ಬಿಡುವು ಮಾಡಿಕೊಳ್ಳುತ್ತಿದ್ದರು ಎಂಬುದನ್ನು ಓದುವಾಗ ಇವತ್ತಿಗೂ ಮನಸ್ಸು ತುಂಬಿ ಬರುತ್ತದೆ.

ಮೊದಲ ಜಗಳವೇ ಕಸುಬಿನ ಬಗ್ಗೆ. ಮನೆ ಕಟ್ಟುವವರು ಯಾರು? ಲೋಕೋಪಯೋಗಿ ಎಂಜಿನಿಯರುಗಳ ಲೆಕ್ಕ ಸರಳವಾಗಿತ್ತು: ಗುತ್ತಿಗೆದಾರರನ್ನು ಕರೆಯಬೇಕು, ಅವರು ಗಾರೆಯವರನ್ನು ಕರೆತರುತ್ತಾರೆ, ಮನೆ ಏಳುತ್ತದೆ, ನಿರಾಶ್ರಿತರಿಗೆ ಬೀಗದಕೈ ಸಿಗುತ್ತದೆ. ಬಂದವರಲ್ಲಿ ಹೆಚ್ಚಿನವರು ಅಂಗಡಿ, ವ್ಯಾಪಾರ, ಲೇವಾದೇವಿ ಮಾಡಿಕೊಂಡಿದ್ದವರು. ತಕ್ಕಡಿ ಹಿಡಿದ ಕೈಗೆ ಕರಣೆ ಹಿಡಿಯಲು ಬರುವುದಿಲ್ಲ ಎಂಬ ಎಂಜಿನಿಯರುಗಳ ಮಾತಿನಲ್ಲಿ ಸುಳ್ಳೇನೂ ಇರಲಿಲ್ಲ. ಕಮಲಾದೇವಿ ಮತ್ತು ಅವರ ಜೊತೆಗಾರರ ಉತ್ತರ ಇಷ್ಟು: ಬರುವುದಿಲ್ಲ, ಹಾಗಾದರೆ ಕಲಿಯಲಿ. ಕಲಿಯುವ ಕೂಲಿ ಅವರಿಗೇ ಸಿಗಲಿ, ಗುತ್ತಿಗೆದಾರನ ಲಾಭವೂ ಅವರಿಗೇ ಉಳಿಯಲಿ.

ಮಂಡಳಿ ಈ ಕಡೆಗೇ ವಾಲಿತು. ಬಿಟ್ಟಿ ಪಡಿತರ ನಿಂತು ಕೆಲಸಕ್ಕೆ ಕೂಲಿ ಬಂತು. ಮಣ್ಣು ಹೊರಲು, ಇಟ್ಟಿಗೆ ಸುಡಲು, ರಸ್ತೆ ಹಾಕಲು, ಗೋಡೆ ಎಬ್ಬಿಸಲು ಸಹಕಾರ ಸಂಘಗಳು ಹುಟ್ಟಿದವು. ಗದಗಿನ ಕಣಗಿನಹಾಳದಲ್ಲಿ 1905ರಲ್ಲೇ ಸಹಕಾರ ಸಂಘ ಕಟ್ಟಿದ ನಾಡಿನವರಾದ ನಮಗೆ ಇದು ಅಪರಿಚಿತ ದಾರಿಯಲ್ಲ. ಆದರೆ ಅಲ್ಲಿ ಸಂಘ ಹುಟ್ಟಿದ್ದು ನೆಲ, ಮನೆ, ಪರಿಚಯ ಇದ್ದವರ ನಡುವೆ. ಇಲ್ಲಿನವರಿಗೆ ಇವು ಮೂರೂ ಇರಲಿಲ್ಲ. ಶುರುವಿನ ದಿನಗಳಲ್ಲಿ ಬುಟ್ಟಿ ಎತ್ತಲು ನಾಚಿದವರು, ಮುನಿಸಿಕೊಂಡವರು ಇದ್ದರು, ಇರದೆ ಏನು? ನಿನ್ನೆಯವರೆಗೆ ಗದ್ದುಗೆ ಮೇಲೆ ಕೂತು ಲೆಕ್ಕ ಬರೆದವನಿಗೆ ಇವತ್ತು ತಲೆ ಮೇಲೆ ಸಿಂಬಿ ಇಟ್ಟುಕೋ ಎಂದರೆ ಅದು ಸಣ್ಣ ಮಾತಲ್ಲ. ಸಂಘದ ಬಲ ಕಂಡದ್ದು ಅಲ್ಲೇ. ಕೂಲಿಗೆ ಕರೆದರೆ ಬಾರದವನು ತನ್ನ ಸಂಘದ ಕೆಲಸಕ್ಕೆ ಬಂದ. ತಾನು ಇಡುವ ಇಟ್ಟಿಗೆ ತನ್ನವರ ಮನೆಗೆ ಎಂಬುದು ಅವನಿಗೆ ಗೊತ್ತಿತ್ತು. ಗೋಡೆ ಸೊಟ್ಟಗಾದರೆ ಬೈಯಲು ಮೇಸ್ತ್ರಿ ಬೇಕಿರಲಿಲ್ಲ, ಪಕ್ಕದ ಮನೆಯವನೇ ಸಾಕಿತ್ತು.

ಹೀಗೆ ಐದು ಸಾವಿರಕ್ಕೂ ಹೆಚ್ಚು ಮನೆಗಳು ಎದ್ದವು. ಊರನ್ನು ಐದು ಬಡಾವಣೆಗಳಾಗಿ ವಿಂಗಡಿಸಿ ಶಾಲೆ, ಆರೋಗ್ಯ ಕೇಂದ್ರಗಳನ್ನು ಜೊತೆಜೊತೆಗೇ ಯೋಜಿಸಲಾಯಿತು. ಎನ್‌ಐಟಿ ಒಂದರಿಂದ ಐದು ಎಂಬ ಎಣಿಕೆ ಬಂದದ್ದು ಹಾಗೆ. ಶಾಲೆಗಳನ್ನು ನೋಡಿಕೊಳ್ಳಲು ಸೇವಾಗ್ರಾಮದಿಂದ ಆಶಾದೇವಿ ಆರ್ಯನಾಯಕಂ ಬಂದರು. ಗಾಂಧಿಯವರ ನಯೀ ತಾಲೀಮಿನಲ್ಲಿ ಪಾಠಕ್ಕೂ ಕೈಗೆಲಸಕ್ಕೂ ಗೋಡೆಯಿಲ್ಲ. ತಂದೆ ಹೊರಗೆ ಗಾರೆ ಕಲಿಯುತ್ತಿದ್ದರೆ ಮಕ್ಕಳು ಒಳಗೆ ನೂಲಿನ ಲೆಕ್ಕದಲ್ಲಿ ಗಣಿತ ಕಲಿಯುವ ಪದ್ಧತಿ. ಕೈಗಾರಿಕೆಗೆ ವಿದ್ಯುತ್ ಬೇಕಲ್ಲ? ಯುದ್ಧಪರಿಹಾರವಾಗಿ ಜರ್ಮನಿಯಿಂದ ಬಂದಿದ್ದ ಡೀಸೆಲ್ ವಿದ್ಯುತ್ ಸ್ಥಾವರವನ್ನು ತಂದು ಜೋಡಿಸಲಾಯಿತು. ತರಬೇತಿ ಮತ್ತು ಉತ್ಪಾದನೆ ಎರಡೂ ಒಂದೇ ಸೂರಿನಡಿ ನಡೆಯುವ ಕಾರ್ಯಾಗಾರಗಳೂ ಆರಂಭವಾದವು.

ಇಲ್ಲಿ ಒಂದು ಮಾತು ಬಿಡಿಸಿ ಹೇಳಬೇಕು. ತರಬೇತಿ ಮತ್ತು ಉತ್ಪಾದನೆ ಒಂದೇ ಕಡೆ ಇರಬೇಕು ಎಂಬುದು ಬರಿಯ ಆದರ್ಶವಲ್ಲ, ಕಸುಬಿನ ಒಳಗುಟ್ಟು. ಅಭ್ಯಾಸಕ್ಕೆಂದು ಕಬ್ಬಿಣದ ತುಂಡನ್ನು ಉಜ್ಜಿ, ಮಾರ್ಕು ಪಡೆದು, ಮೂಲೆಗೆ ಎಸೆಯುವ ಹುಡುಗ ಕಲಿಯುವುದೇ ಬೇರೆ. ತಾನು ಉಜ್ಜಿದ ತುಂಡು ನಾಳೆ ಗಿರಾಕಿಯ ಯಂತ್ರದೊಳಗೆ ಕೂರಬೇಕು ಎಂದು ಗೊತ್ತಿರುವ ಹುಡುಗ ಕಲಿಯುವುದೇ ಬೇರೆ. ಬೆಂಗಳೂರಿನಲ್ಲಿ 1972ರಲ್ಲಿ ಡೆನ್ಮಾರ್ಕ್ ಸರ್ಕಾರದ ನೆರವಿನಿಂದ ಹುಟ್ಟಿದ ಜಿಟಿಟಿಸಿ, ನಮ್ಮ ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರ, ಇವತ್ತಿಗೂ ನಿಂತಿರುವುದು ಇದೇ ಗುಟ್ಟಿನ ಮೇಲೆ. ಅಲ್ಲಿ ಕಾರ್ಖಾನೆಗಳ ಆರ್ಡರಿಗೆ ಅಚ್ಚುಗಳು ತಯಾರಾಗುತ್ತವೆ, ಆ ಅಚ್ಚುಗಳ ಪಕ್ಕದಲ್ಲೇ ಹಳ್ಳಿಯಿಂದ ಬಂದ ಮಕ್ಕಳು ಮೈಕ್ರಾನಿನ ಲೆಕ್ಕ ಕಲಿಯುತ್ತಾರೆ. ಭದ್ರಾವತಿ ಕಾರ್ಖಾನೆಯ ಸೇವೆಗೆ ತಮಗೆ ಸಲ್ಲಬೇಕಿದ್ದ ಲಕ್ಷಾಂತರ ರೂಪಾಯಿಯನ್ನು ಬೆಂಗಳೂರಿನಲ್ಲಿ ಕಸುಬಿನ ಶಾಲೆ ತೆರೆಯಲು ಬಿಟ್ಟುಕೊಟ್ಟು, ಅದಕ್ಕೆ ಜಯಚಾಮರಾಜೇಂದ್ರರ ಹೆಸರಿಡಿ ಎಂದ ವಿಶ್ವೇಶ್ವರಯ್ಯನವರೂ ಇದನ್ನು ಬಲ್ಲವರೇ. ಕಾರ್ಖಾನೆಗೆ ದುಡಿದ ಹಣ ಶಾಲೆಗೆ ಹೋಗಬೇಕು. ಶಾಲೆಯ ಹುಡುಗ ಕಾರ್ಖಾನೆಗೆ ಹೋಗಬೇಕು.

ಫರೀದಾಬಾದಿನಲ್ಲಿ ಆ ಸೂರು ಬಹಳ ದಿನ ಉಳಿಯಲಿಲ್ಲ. ಕೆಲವೇ ವರ್ಷಗಳಲ್ಲಿ ಮಂಡಳಿಯ ಅಧಿಕಾರ ಕರಗಿ ಊರು ಪುನರ್ವಸತಿ ಇಲಾಖೆಯ ಕೈಗೆ ಹೋಯಿತು. ಸಹಕಾರ ಸಂಘಗಳು ಒಂದೊಂದಾಗಿ ಚದುರಿದವು. ಕರಣೆ ಹಿಡಿಯಲು ಕಲಿತವನು ಅದೇ ಊರಿನಲ್ಲಿ ಗುತ್ತಿಗೆದಾರನ ಹತ್ತಿರ ದಿನಗೂಲಿ ಕೇಳುವ ಸ್ಥಿತಿ ಬಂತು. ಕೈಗೆ ಬಂದ ಕಸುಬು ಕೈಯಲ್ಲೇ ಇತ್ತು. ಅದಕ್ಕೆ ಬೆಲೆ ಕಟ್ಟುವ ಹಕ್ಕು ಮಾತ್ರ ಹೋಯಿತು. ಎಲ್. ಸಿ. ಜೈನ್ ಈ ನೋವನ್ನು ಅರ್ಧ ಶತಮಾನ ಮನಸ್ಸಿನಲ್ಲಿಟ್ಟುಕೊಂಡು 1998ರಲ್ಲಿ ‘ದ ಸಿಟಿ ಆಫ್ ಹೋಪ್: ದ ಫರೀದಾಬಾದ್ ಸ್ಟೋರಿ’ ಎಂಬ ಪುಸ್ತಕ ಬರೆದರು. ಮ್ಯಾಗ್ಸೆಸೆ ಪ್ರಶಸ್ತಿ ಪಡೆದ, ದಕ್ಷಿಣ ಆಫ್ರಿಕದಲ್ಲಿ ಭಾರತದ ಹೈಕಮಿಷನರ್ ಆಗಿದ್ದ ಅವರು ಕೊನೆಯ ವರ್ಷಗಳನ್ನು ಕಳೆದದ್ದು ನಮ್ಮ ಬೆಂಗಳೂರಿನಲ್ಲಿ. 2010ರಲ್ಲಿ ತೀರಿಕೊಂಡರು. ಮಂಗಳೂರಿನಿಂದ ಹೊರಟ ಒಬ್ಬರು ಕಟ್ಟಿದ ಕನಸನ್ನು ಬೆಂಗಳೂರಿಗೆ ಬಂದ ಇನ್ನೊಬ್ಬರು ಕಾಪಿಟ್ಟರು. ಆ ಪುಸ್ತಕ ಕನ್ನಡದ ಓದುಗರ ಕೈಗೂ ಬರಬೇಕು ಎಂಬುದು ನನ್ನ ಬಹುದಿನದ ಆಸೆ.

ಹಾಗೆಂದು ಫರೀದಾಬಾದ್ ಸೋತಿತು ಎನ್ನಲಾಗದು. ದುಡಿಯುವ ಕೈಗಳಿದ್ದ ಊರಿಗೆ ಕಾರ್ಖಾನೆಗಳು ಹುಡುಕಿಕೊಂಡು ಬಂದವು. ಮೊದಮೊದಲು ಬಾಟಾ, ಆಮೇಲೆ ಟ್ರ್ಯಾಕ್ಟರಿನ ಎಸ್ಕಾರ್ಟ್ಸ್, ಫ್ರಿಜ್ಜು, ಟೈರು, ಬಿಡಿಭಾಗಗಳ ನೂರಾರು ಘಟಕಗಳು. 2015ರಲ್ಲಿ ದೆಹಲಿ ಮೆಟ್ರೊದ ನೇರಳೆ ಮಾರ್ಗ ಇಲ್ಲಿಗೆ ಬಂದಾಗ ನಿಲ್ದಾಣಗಳಿಗೆ ಇಟ್ಟ ಹೆಸರುಗಳೇ ಊರಿನ ಕತೆ ಹೇಳುತ್ತವೆ: ಬಾಟಾ ಚೌಕ್, ಎಸ್ಕಾರ್ಟ್ಸ್ ಮುಜೇಸರ್. ಊರಿನ ಹೆಗ್ಗುರುತಾಗಿ ಕೋಟೆಯನ್ನೋ ಗುಡಿಯನ್ನೋ ಅಲ್ಲ, ಚಪ್ಪಲಿ ಹೊಲಿಯುವ ಮತ್ತು ಟ್ರ್ಯಾಕ್ಟರ್ ಜೋಡಿಸುವ ಜಾಗವನ್ನು ಹೇಳುವ ಊರು ನಮ್ಮ ದೇಶದಲ್ಲಿ ಎಷ್ಟಿವೆ?

ಕಾರ್ಖಾನೆಗಳ ಬೆನ್ನಿಗೇ ಕಲಿಸುವ ಸಂಸ್ಥೆಗಳೂ ಬಂದವು. 1969ರಲ್ಲಿ ವೈಎಂಸಿಎ, ಹರಿಯಾಣ ಸರ್ಕಾರ ಮತ್ತು ಜರ್ಮನಿಯ ಬಾನ್ ನಗರದ ನೆರವು ಸಂಸ್ಥೆಯೊಂದು ಸೇರಿ ಎಂಜಿನಿಯರಿಂಗ್ ಶಾಲೆ ತೆರೆದವು. ಕಾರ್ಯಾಗಾರಕ್ಕೆ ಒತ್ತು ಕೊಟ್ಟ ಡಿಪ್ಲೊಮಾ ಅಲ್ಲಿನ ಹೆಸರುವಾಸಿ ಕಲಿಕೆ. 2009ರಲ್ಲಿ ಅದು ವಿಶ್ವವಿದ್ಯಾಲಯವಾಯಿತು. 2018ರಲ್ಲಿ ಜಗದೀಶಚಂದ್ರ ಬೋಸರ ಹೆಸರು ಪಡೆಯಿತು. ಆ ಬೆಳವಣಿಗೆ ಸಂತೋಷದ್ದೇ. ಆದರೆ ನನ್ನನ್ನು ಒಂದು ಯೋಚನೆ ಬಿಡುವುದಿಲ್ಲ: ನಮ್ಮಲ್ಲಿ ಒಳ್ಳೆಯ ಕಸುಬಿನ ಶಾಲೆಗೆ ಗೌರವ ಸಿಗಬೇಕಾದರೆ ಅದು ವಿಶ್ವವಿದ್ಯಾಲಯವೇ ಆಗಬೇಕೇ? ಎಸ್ಸೆಸ್ಸೆಲ್ಸಿಯಲ್ಲಿ ಮಾರ್ಕು ಕಡಿಮೆ ಬಂದರೆ ‘ಐಟಿಐಗಾದರೂ ಹಾಕೋಣ’ ಎನ್ನುತ್ತೇವಲ್ಲ, ಆ ‘ಆದರೂ’ ಎಂಬ ಒಂದು ಪದದಲ್ಲಿ ನಮ್ಮ ಸಮಾಜ ಫಿಟ್ಟರನಿಗೆ, ವೆಲ್ಡರನಿಗೆ, ಟರ್ನರನಿಗೆ ಮಾಡಿದ ಅನ್ಯಾಯವೆಲ್ಲ ಅಡಗಿದೆ. ಜರ್ಮನಿಯಲ್ಲಿ ಮೈಸ್ಟರ್ ಎಂಬ ಪದವಿ ಕುಶಲಕರ್ಮಿಗೆ ಹೆಸರಿನ ಜೊತೆ ಬರುವ ಹೆಮ್ಮೆ. ಅವರ ಯಂತ್ರಗಳನ್ನು ನಾವು ತರಿಸಿಕೊಂಡೆವು. ಆ ಹೆಮ್ಮೆಯನ್ನು ತರಿಸಿಕೊಳ್ಳಲಿಲ್ಲ.

ರಾಷ್ಟ್ರೀಯ ವಿದ್ಯುತ್ ತರಬೇತಿ ಸಂಸ್ಥೆಯ ಕೇಂದ್ರ ಕಚೇರಿ ಫರೀದಾಬಾದಿನಲ್ಲಿದೆ. ಅದರ ಒಂದು ಕೊಂಬೆ ಬೆಂಗಳೂರಿನಲ್ಲಿ, ಹಾಟ್‌ಲೈನ್ ತರಬೇತಿ ಕೇಂದ್ರ. ವಿದ್ಯುತ್ ಹರಿಯುತ್ತಿರುವಾಗಲೇ, ಸರಬರಾಜು ನಿಲ್ಲಿಸದೆ, ಅತಿ ಹೆಚ್ಚಿನ ವೋಲ್ಟೇಜಿನ ತಂತಿಯನ್ನು ದುರಸ್ತಿ ಮಾಡಲು ಕಲಿಸುವ ಜಾಗ. ಅಲ್ಲಿ ಪ್ರಮಾಣಪತ್ರ ಕೊಟ್ಟು ಕೈತೊಳೆದುಕೊಳ್ಳಲು ಬರುವುದಿಲ್ಲ. ಕಲಿಸಿದವನ ತಪ್ಪು ಕಲಿತವನ ಪ್ರಾಣಕ್ಕೆ ಕುತ್ತು. ತಂಡ, ಉಪಕರಣ, ನಿಯಮ, ಮೇಲ್ವಿಚಾರಣೆ ಇವೆಲ್ಲ ಇದ್ದರೆ ಮಾತ್ರ ಆ ಕುಶಲಿ ಕಂಬ ಹತ್ತಬಲ್ಲ. ಎಲ್ಲ ಕಸುಬಿನ ಶಾಲೆಗಳೂ ತಮ್ಮ ಮಕ್ಕಳ ಬಗ್ಗೆ ಇಷ್ಟೇ ಹೊಣೆ ಹೊತ್ತರೆ ಹೇಗಿರುತ್ತದೆ ಎಂದು ಕಲ್ಪಿಸಿಕೊಳ್ಳಿ.

ಫರೀದಾಬಾದಿನಿಂದ ಇನ್ನೂ ದಕ್ಷಿಣಕ್ಕೆ ಹೋದರೆ ಪಲ್ವಲ್ ಜಿಲ್ಲೆಯ ದುಧೋಲಾ. ಕೌಶಲಕ್ಕೆಂದೇ ಹರಿಯಾಣ ಸರ್ಕಾರ 2016ರಲ್ಲಿ ಕಾನೂನು ತಂದು ಸ್ಥಾಪಿಸಿದ ವಿಶ್ವಕರ್ಮ ಕೌಶಲ ವಿಶ್ವವಿದ್ಯಾಲಯ ಅಲ್ಲಿದೆ. ಕಲಿಕೆಯ ಒಂದು ಪಾಲು ತರಗತಿಯಲ್ಲಿ, ಇನ್ನೊಂದು ಪಾಲು ಉದ್ಯಮದಲ್ಲಿ ಎಂಬುದು ಅದರ ಪದ್ಧತಿ. ಎಪ್ಪತ್ತು ವರ್ಷ ಹಿಂದೆ ಪಕ್ಕದ ಊರಿನ ಬಯಲಿನಲ್ಲಿ ಹುಟ್ಟಿದ್ದ ಅದೇ ವಿಚಾರ ಸುತ್ತು ಬಳಸಿ ಮತ್ತೆ ಬಂದಿದೆ. ಈ ಸಲ ಅದಕ್ಕೆ ದೀರ್ಘಾಯಸ್ಸು ಇರಲಿ. ಸರ್ಕಾರಗಳು ಬದಲಾಗುತ್ತವೆ, ಯೋಜನೆಗಳ ಹೆಸರು ಬದಲಾಗುತ್ತದೆ. ಮೂರು ತಿಂಗಳ ಕೋರ್ಸು ಮುಗಿಸಿದ ಹುಡುಗಿ ಟೈಲರಿಂಗ್ ಯಂತ್ರದ ಮುಂದೆ ಕೂತು, ಇನ್ನು ಆರ್ಡರು ಎಲ್ಲಿಂದ ತರಲಿ ಎಂದು ಕೇಳುವ ಪ್ರಶ್ನೆ ಮಾತ್ರ ಹಾಗೆಯೇ ಇರುತ್ತದೆ. ಅವಳ ಬೆನ್ನಿಗೆ ಒಂದು ಸಂಘ ಬೇಕು, ಒಂದು ಮಾರುಕಟ್ಟೆ ಬೇಕು. ಕಮಲಾದೇವಿ ಮುಂದೆ ಅಖಿಲ ಭಾರತ ಕರಕುಶಲ ಮಂಡಳಿಯ ಚುಕ್ಕಾಣಿ ಹಿಡಿದಾಗ ಬರೀ ತರಬೇತಿ ಶಿಬಿರ ನಡೆಸಿ ಸುಮ್ಮನಾಗಲಿಲ್ಲ. ಕುಶಲಕರ್ಮಿಯ ಸರಕು ಮಾರಲು ದೆಹಲಿಯಲ್ಲಿ ಎಂಪೋರಿಯಂ ಬೆಳೆಸಿದರು. ಅವರ ಮಂಡಳಿಯ ವಿನ್ಯಾಸ ಕೇಂದ್ರಗಳಲ್ಲಿ ಒಂದು ಬೆಂಗಳೂರಿನಲ್ಲೂ ಬಾಗಿಲು ತೆರೆಯಿತು. ಫರೀದಾಬಾದ್ ಕಲಿಸಿದ ಪಾಠವನ್ನು ಅವರು ಮರೆತಿರಲಿಲ್ಲ.

ಎನ್‌ಐಟಿಯ ಹಳೆಯ ಮನೆಗಳು ಈಗ ಗುರುತು ಸಿಗದಷ್ಟು ಬದಲಾಗಿವೆ. ಒಂದಂತಸ್ತು ನಾಲ್ಕಾಗಿದೆ, ಮುಂಗೋಣೆ ಅಂಗಡಿಯಾಗಿದೆ. ಬನ್ನುವಿನಿಂದ ಬಂದವರ ಮನೆಗಳಲ್ಲಿ ಹಿರಿಯರು ಇನ್ನೂ ಬನ್ನುವಾಲಿ ಮಾತಾಡುತ್ತಾರೆ. ಆ ಜನ ತಮ್ಮ ದುಡಿಮೆಯಿಂದ ಎಬ್ಬಿಸಿದ ಆಸ್ಪತ್ರೆಯೊಂದಿದೆ. ಗಡಿಯಾಚೆ ಉಳಿದುಹೋದ ತಮ್ಮ ನಾಯಕ ಅಬ್ದುಲ್ ಗಫಾರ್ ಖಾನರ, ಅಂದರೆ ಬಾದಶಾಹ್ ಖಾನರ ಹೆಸರನ್ನು ಅದಕ್ಕೆ ಇಟ್ಟಿದ್ದರು. ನೆಹರೂ 1951ರಲ್ಲಿ ಅದನ್ನು ಉದ್ಘಾಟಿಸಿದ್ದರು. 2020ರಲ್ಲಿ ಸರ್ಕಾರ ಅದರ ಹೆಸರು ಬದಲಿಸಿದಾಗ ವಯಸ್ಸಾದ ಆ ನಿರಾಶ್ರಿತರು ನೊಂದುಕೊಂಡರು. ಆದರೆ ಊರಿನ ಬಾಯಲ್ಲಿ ಅದು ಇನ್ನೂ ಬಿ.ಕೆ. ಆಸ್ಪತ್ರೆಯೇ. ಅದರ ಮುಂದಿನ ವೃತ್ತ ಬಿ.ಕೆ. ಚೌಕ್. ಜಿಲ್ಲೆಯ ಬಡವರು ಇಂದಿಗೂ ಜ್ವರ ಬಂದರೆ, ಹೆರಿಗೆ ನೋವು ಶುರುವಾದರೆ ಅಲ್ಲಿಗೇ ಹೋಗುತ್ತಾರೆ.