ಹೊಸ ಬಂಪರಿನ ಬಣ್ಣ ಏಳುವುದೇಕೆ?

ಪ್ರಶ್ನೆ: ಹಳೆಯ ಅಂಬಾಸಿಡರ್ ಕಾರಿಗೆ ಹೊಸದಾಗಿ ಕೂರಿಸಿದ ಫೈಬರ್ ಬಂಪರಿನ ಬಣ್ಣ ಹಪ್ಪಳದಂತೆ ಏಳುವುದೇಕೆ? (ಓದುಗರೊಬ್ಬರು, ಮದ್ದೂರು)

ಉತ್ತರ: 2014ರಲ್ಲಿ ತಯಾರಿಕೆ ನಿಂತ ಅಂಬಾಸಿಡರಿನ ಹಳೆಯ ಮಾದರಿಗಳಿಗೆ ಇದ್ದದ್ದು ಕ್ರೋಮ್ ಲೇಪದ ಉಕ್ಕಿನ ಬಂಪರು, ಅದಕ್ಕೆ ಬಣ್ಣದ ಹಂಗೇ ಇರಲಿಲ್ಲ. ಫೈಬರ್ ಬಂಪರಾದರೋ ಗಾಜಿನ ಎಳೆಗಳಿಗೆ ರಾಳ ಸೇರಿಸಿ ಅಚ್ಚಿನಲ್ಲಿ ರೂಪಿಸಿದ್ದು. ಅಚ್ಚಿಗೆ ಅಂಟದಿರಲೆಂದು ಮೊದಲೇ ಸವರಿದ ಮೇಣ ಅದರ ಮೈಮೇಲೆ ಉಳಿದುಕೊಂಡು, ಪ್ರೈಮರ್, ಅಂದರೆ ಬಣ್ಣಕ್ಕೆ ಹಿಡಿತ ಕೊಡುವ ತಳಲೇಪ, ಕಚ್ಚದಂತೆ ತಡೆಯುತ್ತದೆ. ಆದುದರಿಂದ ಸೋಪಿನ ನೀರಿನಲ್ಲಿ ತೊಳೆದು, ಮೇಣ ಕರಗಿಸುವ ದ್ರವದಿಂದ ಒರೆಸಿದ ಬಳಿಕವೇ ಉಪ್ಪುಕಾಗದದಿಂದ ಉಜ್ಜಬೇಕು. ಮೊದಲೇ ಉಜ್ಜಿದರೆ ಮೇಣ ಗೀರುಗಳೊಳಗೆ ಇಳಿಯುತ್ತದೆ. ಬೋಲ್ಟಿನ ತೂತುಗಳನ್ನು ಕಾರಿಗೆ ಹೊಂದಿಸಿ ನೋಡುವ ಕೆಲಸವೂ ಬಣ್ಣಕ್ಕೆ ಮುಂಚಿನದು.