ಗೋದಲಿಯ ಮುಂದೆ ಹಿರಿಯರು

ಕ್ರಿಸ್ತಜಯಂತಿಯ ರಾತ್ರಿ ಬಲಿಪೂಜೆ ಮುಗಿದೊಡನೆ ಸ್ಟೇಶನ್ ಬಜಾರದ ನಮ್ಮ ದೇವಾಲಯದಲ್ಲಿ ಪ್ರತಿವರ್ಷವೂ ಒಂದೇ ದೃಶ್ಯ. ಮಕ್ಕಳು ಗೋದಲಿಯ ಕಡೆಗೆ ಓಡುತ್ತಾರೆ. ತಾಯಂದಿರು ಅವರ ಹಿಂದೆ. ತಂದೆಯರು ಹೊರಗೆ ನಿಂತು ಪರಸ್ಪರ ಕೈಕುಲುಕಿ, ಗಾಡಿಯ ಕೀಲಿಕೈ ಹುಡುಕುತ್ತಾರೆ. "ಬನ್ನಿ, ಗೋದಲಿ ನೋಡೋಣ" ಎಂದು ಒಬ್ಬರನ್ನು ಕರೆದೆ. "ಅದೆಲ್ಲ ಸಣ್ಣ ಹುಡುಗ್ರಿಗ್ರಿ ಫಾದರ್" ಎಂದು ನಕ್ಕರು. ಆ ನಗೆಯಲ್ಲಿ ಅನಾದರವೇನೂ ಇರಲಿಲ್ಲ. ಆದರೂ ಆ ಮಾತು ನನ್ನನ್ನು ಬಹುದಿನ ಕಾಡಿತು.

ಏಕೆಂದರೆ ಗೋದಲಿಯನ್ನು ಮೊಟ್ಟಮೊದಲು ಕಟ್ಟಿಸಿದ್ದು ಮಕ್ಕಳ ಸಂತೋಷಕ್ಕಾಗಿ ಅಲ್ಲ. 1223ರ ಕ್ರಿಸ್ತಜಯಂತಿಗೆ ಇಟಲಿಯ ಗ್ರೆಚ್ಚೊ ಎಂಬ ಗುಡ್ಡದ ಹಳ್ಳಿಯಲ್ಲಿ ಅಸ್ಸಿಸಿಯ ಸಂತ ಫ್ರಾನ್ಸಿಸರು ಒಂದು ಗೋದಲಿಯನ್ನು ಸಿದ್ಧಪಡಿಸಿಸಿದರು. ಅದರಲ್ಲಿ ಗೊಂಬೆಗಳಿರಲಿಲ್ಲ. ಹುಲ್ಲು, ನಿಜವಾದ ಎತ್ತು, ನಿಜವಾದ ಕತ್ತೆ, ಇಷ್ಟೇ. ಬೆತ್ಲೆಹೇಮಿನಲ್ಲಿ ಹುಟ್ಟಿದ ಕೂಸಿನ ಬಡತನವನ್ನು ಕಣ್ಣಾರೆ ಕಾಣಬೇಕೆಂಬುದು ಅವರ ಆಸೆ. ಪಂಜುಗಳನ್ನು ಹಿಡಿದು ಬಂದ ಊರ ಜನರ ನಡುವೆ, ಸೇವಾರ್ಥಿಯಾಗಿದ್ದ ಫ್ರಾನ್ಸಿಸರೇ ಶುಭಸಂದೇಶವನ್ನು ಹಾಡಿದರು. 'ಬೆತ್ಲೆಹೇಮ್' ಎಂಬ ಹೆಸರನ್ನು ಅವರು ಕುರಿಮರಿಯ ದನಿಯಂತೆ ಎಳೆದು ಉಚ್ಚರಿಸುತ್ತಿದ್ದರೆಂದೂ, ಆ ಹೆಸರಿನ ಸವಿಗೆ ತುಟಿ ಚಪ್ಪರಿಸುತ್ತಿದ್ದರೆಂದೂ ಅವರ ಮೊದಲ ಚರಿತ್ರಕಾರ ಚೆಲಾನೊದ ತೋಮಾಸ್ ಬರೆದಿದ್ದಾನೆ. ಆಗ ಅವರಿಗೆ ನಲವತ್ತು ದಾಟಿತ್ತು. ಈಜಿಪ್ಟಿನ ಪ್ರಯಾಣದಿಂದ ಅಂಟಿದ ಕಣ್ಣುಬೇನೆ, ಸವೆದ ದೇಹ. ಉಳಿದದ್ದು ಮೂರು ವರ್ಷಕ್ಕಿಂತ ಕಡಿಮೆ ಆಯುಸ್ಸು. ಇನ್ನೂ ಸೋಜಿಗವೆಂದರೆ, ಸೂರ್ಯನನ್ನು ಅಣ್ಣನೆಂದು ಕರೆದು ದೇವರನ್ನು ಕೊಂಡಾಡಿದ ಅವರ ಹಾಡು ಹುಟ್ಟಿದ್ದು 1225ರಲ್ಲಿ, ಬೆಳಕನ್ನೇ ಸಹಿಸಲಾರದಷ್ಟು ಅವರ ಕಣ್ಣು ಕೆಟ್ಟಿದ್ದಾಗ!

ಗುರುಮಠದಲ್ಲಿ ತತ್ವಶಾಸ್ತ್ರವನ್ನು ಓದುವಾಗ, ಅರಿವಿನ ಆರಂಭ ಬೆರಗಿನಲ್ಲಿ ಎಂಬ ಅರಿಸ್ಟಾಟಲನ ಮಾತನ್ನು ನಮಗೆ ಬಾಯಿಪಾಠ ಮಾಡಿಸಿದ್ದರು. ಅದೇ ಅಧ್ಯಾಯದಲ್ಲಿ ಅವನು ಮುಂದುವರಿದು, ಕಾರಣ ತಿಳಿದ ಮೇಲೆ ಬೆರಗು ಅಡಗುತ್ತದೆ ಎನ್ನುತ್ತಾನೆ. ಪರೀಕ್ಷೆಯಲ್ಲಿ ಇದನ್ನು ಒಪ್ಪಿ ಬರೆದು ಅಂಕ ಪಡೆದವನು ನಾನು. ಇಂದು ಒಪ್ಪಲಾರೆ. ಈ ಶರಣರ ನಾಡಿನಲ್ಲಿ ಬದುಕುತ್ತಾ ನಾನು ಕಲಿತ ಒಂದು ಪದ 'ನಿಬ್ಬೆರಗು'. ಅಲ್ಲಮಪ್ರಭುವಿನಂಥವರು ಬೆರಗನ್ನು ಕಲಿಕೆಯ ಹೊಸ್ತಿಲಲ್ಲಿ ನಿಲ್ಲಿಸಲಿಲ್ಲ. ಅನುಭಾವದ ತುತ್ತತುದಿಯಲ್ಲಿ ನಿಲ್ಲಿಸಿದರು. ನಮ್ಮ ಸಂತ ತೋಮಾಸ್ ಅಕ್ವಿನಾಸರ ಜೀವನವೂ ಹಾಗೆಯೇ. ದೇವರನ್ನು ಕುರಿತು ಸಾವಿರಾರು ಪುಟ ಬರೆದ ಆ ಮಹಾಪಂಡಿತರು 1273ರ ಡಿಸೆಂಬರ್ 6ರಂದು ಬಲಿಪೂಜೆ ಅರ್ಪಿಸುವಾಗ ಏನನ್ನೋ ಕಂಡು, ಆ ಬಳಿಕ ಲೇಖನಿಯನ್ನು ಕೆಳಗಿಟ್ಟರು. ತಮ್ಮ ಮೇರುಕೃತಿಯನ್ನು ಅಪೂರ್ಣವಾಗಿಯೇ ಬಿಟ್ಟರು.

ಹಾಗಾದರೆ ನಮ್ಮಂಥ ಸಾಮಾನ್ಯರ ಬೆರಗು ಬತ್ತುವುದೇಕೆ? ತಿಳಿವಳಿಕೆ ಹೆಚ್ಚಿತೆಂದೇ? ನನಗೆ ಹಾಗೆನಿಸದು. ಎಲ್ಲವೂ ನಮಗೆ ಸಲ್ಲತಕ್ಕದ್ದೇ ಎಂಬ ಭಾವ ಬಲಿಯುವುದರಿಂದ. ಸಂಬಳದಂತೆ ಬೆಳಗಾಗಬೇಕು, ಹೆಂಡತಿ ಚಹಾ ತರಬೇಕು, ಮಳೆ ಹೊತ್ತಿಗೆ ಸರಿಯಾಗಿ ಬರಬೇಕು. ಮತ್ತಾಯನ ಶುಭಸಂದೇಶದ 18ನೇ ಅಧ್ಯಾಯದಲ್ಲಿ ಯೇಸುಸ್ವಾಮಿ ಮಗುವೊಂದನ್ನು ಶಿಷ್ಯರ ನಡುವೆ ನಿಲ್ಲಿಸಿದ್ದು, ಅವರು ತಮ್ಮೊಳಗೆ ಯಾರು ದೊಡ್ಡವರೆಂದು ವಿಚಾರಿಸಿದಾಗ. ಮಗುವಿನ ಕೈಯಲ್ಲಿ ತನ್ನದೆಂಬುದು ಏನೂ ಇಲ್ಲ. ಸಿಕ್ಕಿದ್ದೆಲ್ಲ ಅದಕ್ಕೆ ಕೊಡುಗೆಯೇ. ಇದನ್ನು ಬರೆಯುವಾಗ ನನ್ನನ್ನು ಹೊರಗಿಟ್ಟು ಬರೆಯುತ್ತಿಲ್ಲ. ಪ್ರತಿದಿನ ಅದೇ ರೊಟ್ಟಿಯನ್ನು ಕೈಯಲ್ಲೆತ್ತುವ ಗುರುವಿಗೆ ಅದೂ ಅಭ್ಯಾಸವಾಗಿಬಿಡುವ ಅಪಾಯ ಎಲ್ಲರಿಗಿಂತ ಹೆಚ್ಚು.

ನಮ್ಮ ಗೋದಲಿಯನ್ನು ಕಟ್ಟುವವರು ರೈಲ್ವೆಯಿಂದ ನಿವೃತ್ತರಾದ ಒಬ್ಬ ಅಜ್ಜ. ಕಮಲಾಪುರದ ಕಡೆಯ ನೆಂಟರ ಹೊಲದಿಂದ ಜೋಳದ ಕಣಿಕೆ, ತೊಗರಿ ಕಟ್ಟಿಗೆ ತರಿಸುತ್ತಾರೆ. ಅಂಗಡಿಯಲ್ಲಿ ಸಿದ್ಧವಾದ ಗೋದಲಿಯೇ ಸಿಗುತ್ತದೆಂದು ಯುವಕರು ಹೇಳಿದರೆ ಕಿವಿ ಕೇಳದವರಂತೆ ಇರುತ್ತಾರೆ. ಕಳೆದ ವರ್ಷ ನವೆಂಬರಿನಲ್ಲಿ ಅವರ ಪತ್ನಿ ತೀರಿಕೊಂಡರು. ಸಮಾಧಿಯ ಬಳಿ ನಿಂತಾಗ, ಈ ಬಾರಿ ಗೋದಲಿಯ ಕೆಲಸವನ್ನು ಬೇರೆಯವರಿಗೆ ಒಪ್ಪಿಸಬೇಕೆಂದು ನಾನು ಮನಸ್ಸಿನಲ್ಲೇ ಯೋಚಿಸಿದ್ದೆ.

ಡಿಸೆಂಬರ್ ಮೂರನೆಯ ವಾರದ ಒಂದು ಸಂಜೆ ಅವರೇ ಕಣಿಕೆಯ ಹೊರೆಯೊಂದಿಗೆ ಬಂದರು. ಹೆಚ್ಚು ಮಾತಿಲ್ಲ. ನಡುಗುವ ಬೆರಳುಗಳಿಂದ ಮಣ್ಣಿನ ಗೊಂಬೆಗಳನ್ನು ಒಂದೊಂದಾಗಿ ಒರೆಸಿ ಇಟ್ಟರು. ಬಾಲಯೇಸುವಿನ ಜಾಗ ಹಬ್ಬದ ರಾತ್ರಿಯವರೆಗೆ ಖಾಲಿ. ನಿಲ್ದಾಣದಿಂದ ರೈಲೊಂದು ಕೂಗಿ ಹೊರಟಿತು. ಅದರ ಸದ್ದು ಅಡಗುವವರೆಗೆ ಅವರು ತಲೆಯೆತ್ತಿ ಆಲಿಸಿದರು. ಬಳಿಕ, ನಾನು ಸಾಲಾಗಿ ಇಟ್ಟಿದ್ದ ಎತ್ತನ್ನು ತೆಗೆದು, ಆ ಖಾಲಿ ಹುಲ್ಲಿನ ಕಡೆಗೆ ತಿರುಗಿಸಿದರು.

"ಎತ್ತಿನ ಮಾರಿ ಕೂಸಿನ ಕಡಿ ಇರ್ಲಿರಿ ಫಾದರ್," ಎಂದರು. "ಥಂಡಿ ಭಾಳ ಅದ."